ಕಡೇ ಮನೆಯ ಮಾತು

ರುದ್ರೇಶ ಟಿವಿಯ ಕಾಯಿಲೆಯನ್ನು ಫೋನಿನಲ್ಲೇ ಹೇಳುತ್ತಿದ್ದ. "ಅಕ್ಕಾ, ಚಿತ್ರ ಚೌಕ ಚೌಕವಾಗಿ ಒಡೀತೈತಾ? ಹಂಗಾದ್ರೆ ಜಾಯಿಂಟಿಗೆ ನೀರಿಳಿದೈತೆ. ಪೂರ್ತಿ ಕಪ್ಪಾಗ್ಬುಟ್ಟೈತಾ? ಹಂಗಾದ್ರೆ ಎಲ್ಲೋ ಮರ ಬಿದ್ದೈತೆ. ಬಂದೆ ಇರಿ." ಅವನು ಹೇಳಿದ್ದು ತಪ್ಪಿದ್ದು ನಾನು ಕಾಣೆ. ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದು ಮರ ಹತ್ತಿರುತ್ತಿದ್ದ.

ಆನೇಮಹಲ್‌ನಿಂದ ನಮ್ಮ ಗುಡ್ಡಕ್ಕೆ ಕೇಬಲ್ ಎಳೆದವನು ಅವನೇ. ಕಾಫಿ ತೋಟದ ಸಿಲ್ವರ್ ಮರಗಳೇ ಅವನ ಕಂಬಗಳು. ಲೈನಿನ ಕಡೇ ಮನೆ ನಮ್ಮದು. ಜೋರು ಗಾಳಿ ಬೀಸಿದ ಮಾರನೇ ಬೆಳಿಗ್ಗೆ ತಪ್ಪದೆ ಫೋನ್ ಮಾಡಿ, "ಚಿತ್ರ ಹೆಂಗೈತಕ್ಕಾ?" ಎನ್ನುತ್ತಿದ್ದ. ನಮ್ಮಲ್ಲಿ ಬರುತ್ತಿದ್ದರೆ ಕೆಳಗಿನ ಎಲ್ಲ ಮನೆಗಳಲ್ಲೂ ಬರುತ್ತಿದೆ ಎಂದರ್ಥ. ಇಷ್ಟು ವರ್ಷ ಪಾಠ ಹೇಳಿ ನಿವೃತ್ತಳಾದರೂ ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟವರು ಬೇರೆ ಯಾರೂ ಇಲ್ಲ.

ಆಮೇಲೆ ಮನೆಗಳು ಒಂದೊಂದಾಗಿ ಕೇಬಲ್ ಬಿಟ್ಟವು. ಸಿನಿಮಾ, ಧಾರಾವಾಹಿ, ಕ್ರಿಕೆಟ್ಟು ಎಲ್ಲವೂ ಇಂಟರ್ನೆಟ್ಟಿನಲ್ಲಿ ಬೇಕಾದಾಗ ಸಿಗುವಾಗ, ಹೊತ್ತಿಗೆ ಸರಿಯಾಗಿ ಟಿವಿ ಮುಂದೆ ಕೂರುವವರು ಯಾರು? ನಾವೂ ಹೊಸ ಟಿವಿ ತಂದು, ಇಂಟರ್ನೆಟ್ಟಿಗೆಂದು ಸಿಮ್ ಹಾಕುವ ಪೆಟ್ಟಿಗೆಯೊಂದನ್ನು ಕಿಟಕಿಯಲ್ಲಿಟ್ಟೆವು. ಕೇಬಲ್ ಬಾಕ್ಸ್ ಬೀರು ಸೇರಿತು. ವರ್ಷದ ರೀಚಾರ್ಜ್ ಇನ್ನೂ ಉಳಿದಿದ್ದರಿಂದ ರುದ್ರೇಶನಿಗೆ ಇದು ಗೊತ್ತಾಗಲಿಲ್ಲ. ಅವನ ಸಂಸಾರ ನಡೆಯುತ್ತಿದ್ದುದೇ ಆ ಲೈನಿನಿಂದ. ಹೇಗೆ ಹೇಳುವುದು? ಗಾಳಿ ಬೀಸಿದ ಮಾರನೇ ದಿನ ಅವನು ಕೇಳಿದಾಗ, "ಚೆನ್ನಾಗಿ ಬರ್ತಿದೆ ರುದ್ರೇಶ" ಅಂದುಬಿಟ್ಟೆ.

ನಾಲ್ಕನೇ ದಿನ ಅಂಗಳದಲ್ಲಿ ಬಂದು ನಿಂತ. ಮುಖ ಸಪ್ಪಗಿತ್ತು.

"ಗಂಗಮ್ಮಜ್ಜಿ ಸಂತೇಲಿ ಸಿಕ್ಕಿದ್ರು. ನಿನ್ ಟಿವಿ ಕಾಲ ಮುಗೀತಂತಲ್ಲಪ್ಪಾ, ನಮ್ಮನೇಲೂ ನಿಂತೋಯ್ತು ಅಂದ್ರು. ನಾಕು ದಿನದಿಂದ ಕಪ್ಪು ಟಿವಿ ಮುಂದೆ ಕುಂತವ್ರೆ. ಮರ ಬಿದ್ದಿರೋದು ಅಜ್ಜಿ ಮನೆಗಿಂತ ಕೆಳಗೆ. ನಿಮ್ಮನೆಗೆ ಮಾತ್ರ ಚಿತ್ರ ಎಲ್ಲಿಂದ ಬಂತಕ್ಕಾ?"

ಅಜ್ಜಿ ನಮ್ಮ ಪಕ್ಕದ ತೋಟದವರು. ಮನೆಮಂದಿಯೆಲ್ಲ ಅವರವರ ಫೋನಿನಲ್ಲಿ ಮುಳುಗಿದ್ದರಿಂದ ಅಜ್ಜಿಯ ಟಿವಿ ನಿಂತದ್ದನ್ನು ಯಾರೂ ಗಮನಿಸಿರಲಿಲ್ಲ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇದ್ದದ್ದನ್ನು ಹೇಳಿ ತಪ್ಪಾಯಿತು ಅಂದೆ.

"ಬ್ಯಾಡ ಅಂದ್ರೆ ಬ್ಯಾಡ ಅನ್ನಿ, ನಾನೇನ್ ಮುನಿಸ್ಕಳಲ್ಲ. ನಿಮ್ಮೊಂದ್ ಮಾತಿನ ಮೇಲೆ ಇಡೀ ಗುಡ್ಡ ನಂಬ್ಕಂಡಿದ್ದೆ."

ಅಷ್ಟರಲ್ಲಿ ಅವನ ಕಣ್ಣು ಒಳಗಿನ ಹೊಸ ಟಿವಿಯ ಮೇಲೆ ಬಿತ್ತು. ಅದರಲ್ಲಿ ಸಿನಿಮಾ ನಿಂತು ಬರೀ ಚಕ್ರ ಸುತ್ತುತ್ತಿತ್ತು. "ಇದು ಯಾವಾಗ್ಲೂ ಹಿಂಗೇ ಸುತ್ತತೈತಾ?"

"ಮೋಡ ಕವಿದರೆ ಟವರಿನ ಸಿಗ್ನಲ್ ಸಿಗದೆ ಸಂಜೆವರೆಗೂ ಸುತ್ತುತ್ತೆ."

ಒಂದು ಗಳಿಗೆ ನೋಡಿದವನೇ ಜೋರಾಗಿ ನಕ್ಕುಬಿಟ್ಟ. "ಅಯ್ಯೋ ಮಾರಾಯ್ರೇ, ಹಂಗಾದ್ರೆ ನಿಮಗೂ ವೈರೇ ಬೇಕು!"

ಆ ತಿಂಗಳೇ ಹಾಸನಕ್ಕೆ ಹೋಗಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆ ಬೆಸೆಯುವುದನ್ನು ಕಲಿತ. ಐವತ್ತರ ಹತ್ತಿರ ಬಂದಿದ್ದವನು ಅದಕ್ಕೆಂದೇ ಕನ್ನಡಕ ಹಾಕಿಸಿಕೊಂಡ. ಅವೇ ಸಿಲ್ವರ್ ಮರಗಳ ಮೇಲೆ ಇಂಟರ್ನೆಟ್ ತರುವ ಫೈಬರ್ ವೈರು ಬಂತು. ಕೇಬಲ್ ಬಿಟ್ಟ ಮನೆಗಳವರೆಲ್ಲ, "ನಮಗೂ ಹಾಕಪ್ಪಾ" ಎಂದು ಅವನನ್ನೇ ಹುಡುಕಿಕೊಂಡು ಹೋದರು. ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಈಗ ಅವನು ಬಿಸಿಲೆ ಕಡೆಯ ಹಳ್ಳಿಗಳಿಗೆ ಲೈನ್ ಎಳೆಯುತ್ತ ಅಲ್ಲೇ ಮನೆ ಮಾಡಿದ್ದಾನೆ. ನಮ್ಮಲ್ಲಿ ರಿಪೇರಿಗೆ ಅವನ ಕೆಲಸದವರು ಬರುತ್ತಾರೆ. ಕಡೆಯ ಸಲ ಅವನು ಸಿಕ್ಕಿದ್ದು ಆಲೂರು ಬಸ್‌ಸ್ಟ್ಯಾಂಡಿನಲ್ಲಿ, ಹೆಗಲ ಮೇಲೆ ಫೈಬರಿನ ಸುರುಳಿ.

"ಗಾಳಿ ಬೀಸಿದರೂ ಫೋನ್ ಮಾಡೋದೇ ಬಿಟ್ಟೆಯಲ್ಲ?" ಎಂದೆ.

"ಈಗ ಯಾರ ಮನೆ ಲೈನ್ ಹೋದ್ರೂ ನನ್ ಫೋನ್ನಾಗೇ ತೋರಿಸ್ಬುಡ್ತೈತೆ ಕಣಕ್ಕಾ. ಯಾರ್ನೂ ಕೇಳಂಗಿಲ್ಲ."

ನನಗೆ ಪಿಚ್ಚೆನಿಸಿತು. ನನ್ನ ಸುಳ್ಳಿನ ಫಲ ಎಂದುಕೊಂಡೆ. ಬಸ್ಸು ಬಂತು. ಮೆಟ್ಟಿಲು ಹತ್ತಿದವನು ತಿರುಗಿ ನಿಂತ.

"ಗಂಗಮ್ಮಜ್ಜೀಗೆ ಮಾತ್ರ ಹಳೇ ಕೇಬಲ್ಲೇ ಬುಟ್ಟಿದ್ದೀನಿ. ಅವ್ರಿಗೆ ಆ ರಿಮೋಟೇ ಸರಿ. ಅದು ನನ್ ಫೋನಿಗೆ ತಿಳಿಯಕಿಲ್ಲ. ಗಾಳಿ ಬಂದಾಗ ನೀವೇ ನೋಡಿ ಹೇಳ್ಬೇಕು."

ಮೊನ್ನೆ ರಾತ್ರಿಯೆಲ್ಲ ಗಾಳಿ. ಬೆಳಿಗ್ಗೆ ಎದ್ದವಳೇ ಅಜ್ಜಿಯ ಮನೆಗೆ ನಡೆದೆ. ಅವರ ಪಕ್ಕ ಕುಳಿತು, ಧಾರಾವಾಹಿ ಪೂರ್ತಿ ಮುಗಿಯುವವರೆಗೂ ನೋಡಿ, ಆಮೇಲೇ ರುದ್ರೇಶನಿಗೆ ಫೋನ್ ಮಾಡಿದೆ.