ಸ್ವಚ್ಛ ಮಾಡಿದ ದನಿ

ನನ್ನ ಚಿಕ್ಕಮ್ಮನ ಮಗಳಿಗೆ ಸಣ್ಣಂದಿನಿಂದ ಉಗ್ಗು. ನನಗಿಂತ ಎಂಟು ವರ್ಷ ಚಿಕ್ಕವಳು, ಅಫಜಲಪುರದಲ್ಲಿ ಬೆಳೆದವಳು, ಜೇವರ್ಗಿ ಕಡೆಯ ಕೊಳಕೂರಿಗೆ ಮದುವೆಯಾಗಿ ಹೋದವಳು. ಉಗ್ಗು ಇದ್ದರೂ ಮಾತಿನ ಮಲ್ಲಿ. ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನೂ ಬಿಡುತ್ತಿರಲಿಲ್ಲ. ಶಬ್ದ ಗಂಟಲಲ್ಲಿ ಸಿಕ್ಕಿಕೊಂಡಾಗ ಕಣ್ಣು ಮುಚ್ಚಿ, ಎದುರಿಗಿದ್ದವರ ಕೈ ಗಟ್ಟಿಯಾಗಿ ಹಿಡಿದು, ಅದು ಹೊರಗೆ ಬರುವ ತನಕ ಬಿಡುತ್ತಿರಲಿಲ್ಲ. ಹಿಡಿಸಿಕೊಂಡವರು ಕಾಯಲೇಬೇಕು, ಬೇರೆ ದಾರಿ ಇಲ್ಲ.

ಆಳಂದದಲ್ಲಿ ನಾವು ಮೂವರು ಸೇರಿ ಒಂದು ಪಾಡ್‌ಕಾಸ್ಟ್ ನಡೆಸುತ್ತೇವೆ. ನಮ್ಮ ಭಾಗದ ಹೆಂಗಸರು ಹೇಳುವ ಕಥೆಗಳು, ಅಡುಗೆ, ಹಳೆಯ ನೆನಪು. ಉಳಿದಿಬ್ಬರು ಊರೂರು ತಿರುಗಿ ರೆಕಾರ್ಡ್ ಮಾಡಿಕೊಂಡು ಬರುತ್ತಾರೆ, ನಾನು ಹೆಡ್‌ಫೋನ್ ಹಾಕಿಕೊಂಡು ಎಡಿಟಿಂಗ್‌ಗೆ ಕೂರುತ್ತೇನೆ. ಕುಕ್ಕರಿನ ಸೀಟಿ, ಬಸ್ಸಿನ ಹಾರ್ನು, ಕೆಮ್ಮು, "ಅದು... ಅಂದ್ರ... ಏನಂತಾರ ನೋಡ್ರಿ" ಎಲ್ಲವನ್ನೂ ತೆಗೆಯುವುದು ನನ್ನ ಕೆಲಸ. ಕೇಳುವವರಿಗೆ ಕಿರಿಕಿರಿ ಆಗಬಾರದು. ಕಿರಿಕಿರಿ ಆದರೆ ಎರಡನೇ ನಿಮಿಷಕ್ಕೇ ಬಿಟ್ಟು ಹೋಗುತ್ತಾರೆ. ನನ್ನ ಕಿವಿಯ ಬಗ್ಗೆ ನನಗೆ ಸೊಕ್ಕಿತ್ತು, ಸುಳ್ಳು ಯಾಕೆ ಹೇಳಲಿ.

ತಂಗಿಯ ಕಥೆಗಳನ್ನೂ ಹಾಕೋಣ ಎಂದಾಗ ಜೊತೆಗಾರರು ಮುಖ ಮುಖ ನೋಡಿಕೊಂಡರು. "ಕಥಿ ಚಂದ ಹೇಳ್ತಾರ್ರಿ, ಖರೆ. ಆದ್ರ ಕೇಳಾವ್ರಿಗಿ ಉಸಿರು ಕಟ್ಟತದ" ಅಂದರು. ನನಗೆ ಹಟ ಬಂತು. ಅವಳು ಮುಕ್ಕಾಲು ಗಂಟೆ ಹೇಳಿದ ಕಥೆಯ ಮುಂದೆ ನಾಲ್ಕು ದಿನ ಕೂತೆ. ಸಿಕ್ಕಿಕೊಂಡ ಶಬ್ದಗಳನ್ನೆಲ್ಲ ಕತ್ತರಿಸಿದೆ. ಎಲ್ಲಿ ಅಕ್ಷರ ಒಡೆದಿತ್ತೋ ಅಲ್ಲಿಗೆ ಅವಳದೇ ಬೇರೆ ಮಾತಿನಿಂದ ಇಡೀ ಅಕ್ಷರ ತಂದು ಜೋಡಿಸಿದೆ. ಹರಿದ ಸೀರೆಗೆ ಅದೇ ಸೀರೆಯ ಸೆರಗಿನಿಂದ ತೇಪೆ ಹಾಕಿದಂತೆ. ಕೊನೆಗೆ ಹನ್ನೊಂದು ನಿಮಿಷದ ಕಥೆ ಉಳಿಯಿತು, ನೀರು ಹರಿದಂಗೆ.

ಜನ ಮೆಚ್ಚಿದರು. ಈ ಅಕ್ಕ ಯಾರು, ಇನ್ನೂ ಹೇಳಿಸಿರಿ ಎಂದು ಬರೆದರು. ಕೊಳಕೂರಿಗೆ ಹೋಗಿ ನಾನೇ ಅವಳಿಗೆ ಕೇಳಿಸಿದೆ. ಫೋನನ್ನು ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದಳು. ಆಮೇಲೆ ಕೇಳಿದಳು, "ಅಕ್ಕಾ, ಇದು ನಾ... ನಾನೇನ?" ಅವಳ ಕಣ್ಣಲ್ಲಿ ನೀರಿತ್ತು. ಅದು ಸಂತೋಷದ ನೀರು ಎಂದುಕೊಂಡೆ. ಇದ್ದಿರಲೂಬಹುದು.

ಅದಾದ ಮೇಲೆ ಅವಳ ಮೆಸೇಜುಗಳು ಶುರುವಾದವು. ಮಗಳ ಶಾಲೆಯ ಟೀಚರಿಗೆ ಏನೋ ಹೇಳಬೇಕು, ಅದನ್ನು ಮಾತಾಡಿ ರೆಕಾರ್ಡ್ ಮಾಡಿ ಮೊದಲು ನನಗೆ ಕಳಿಸುವಳು, ಕೆಳಗೆ ಬರೆಯುವಳು: "ಸ್ವಚ್ಛ ಮಾಡಿ ಕಳಸು." ನಾನು ಉಗ್ಗು ತೆಗೆದು ವಾಪಸು ಕಳಿಸುವೆ, ಅವಳು ಮುಂದಕ್ಕೆ ಕಳಿಸುವಳು. ನಾದಿನಿಗೆ, ಗೆಳತಿಗೆ, ಕೊನೆಗೆ ಮನೆಯ ಹೊರಗಿದ್ದ ಗಂಡನಿಗೂ. ನನಗೆ ಹೆಮ್ಮೆ. ಫೋನ್ ಮಾಡಿದರೆ ಎತ್ತುವುದನ್ನು ಬಿಟ್ಟಳು. ಮನೆಯ ಕಾರ್ಯಗಳಲ್ಲಿ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. "ದೊಡ್ಡ ಆರ್ಟಿಸ್ಟ್ ಆಗ್ಯಾಳ, ಸುಮ್ನ ಮಾತಾಡ್ತಾಳೇನು?" ಎಂದು ಎಲ್ಲರೆದುರಿಗೆ ಛೇಡಿಸಿದವಳು ನಾನೇ. ಎಲ್ಲರ ಜೊತೆ ಅವಳೂ ನಕ್ಕಳು.

ಹೋದ ಬೇಸಿಗೆಯಲ್ಲಿ ಚಿಕ್ಕಮ್ಮ ಆಸ್ಪತ್ರೆ ಸೇರಿದಳು. ಎದೆಯ ತೊಂದರೆ. ಅದೇ ವಾರ ಕೊಳಕೂರಿನಲ್ಲಿ ತಂಗಿಯ ಮಗಳಿಗೆ ಮೈತುಂಬ ಗುಳ್ಳೆಯೆದ್ದು ಅಮ್ಮ ಬಂದಿತ್ತು. ಅಮ್ಮ ಬಂದ ಮನೆ ಬಿಟ್ಟು ತಾಯಿ ಹೊರಗೆ ಹೋಗಬಾರದು, ಅದೂ ಆಸ್ಪತ್ರೆಗಂತೂ ಬೇಡವೇ ಬೇಡ ಎಂದು ಅತ್ತೆ ತಡೆದರು. ಹಾಗಾಗಿ ಚಿಕ್ಕಮ್ಮನ ಹತ್ತಿರ ನಾನು ಕೂತೆ. ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಎಚ್ಚರಾದಾಗ ಒಂದೇ ಮಾತು: "ನನ್ನ ಮಗಳ ದನಿ ಕೇಳಬೇಕು."

ತಂಗಿಗೆ ತಿಳಿಸಿದೆ. ಮಧ್ಯಾಹ್ನ ಅವಳ ರೆಕಾರ್ಡಿಂಗ್ ಬಂತು, ಕೆಳಗೆ ಅದೇ ಸಾಲು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಫೋನಿನಲ್ಲೇ ಅದನ್ನು ಸ್ವಚ್ಛ ಮಾಡಿದೆ. ಕೈಗೆ ರೂಢಿಯಾಗಿಬಿಟ್ಟಿತ್ತು. ಒಳಗೆ ಹೋಗಿ ಚಿಕ್ಕಮ್ಮನ ಕಿವಿಯ ಹತ್ತಿರ ಹಿಡಿದೆ.

ಪೂರಾ ಕೇಳಿದಳು. "ಚಂದ ಮಾತಾಡ್ತಾಳ" ಅಂದಳು. ಆಮೇಲೆ ಕೇಳಿದಳು, "ಯಾರ್ ಈಕಿ?"

"ನಿನ್ನ ಮಗಳೇ, ಚಿಕ್ಕವ್ವ."

"ಅಲ್ಲ ಬಿಡು. ನನ್ನ ಮಗಳು ಹಿಂಗ ಮಾತಾಡಂಗಿಲ್ಲ. ಆಕಿಗಿ ಅವ್ವಾ ಅನ್ನಾಕಽ ಒಂದು ಗಳಿಗಿ ಬೇಕು. ಫೋನ್ ಹಚ್ಚು ಆಕಿಗಿ."

ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಕಟ್ ಮಾಡಿ ಬರೆದು ಕಳಿಸಿದಳು: "ನಾ ಮಾತಾಡಂಗಿಲ್ಲ ಅಕ್ಕಾ. ಅಳು ಬರಾಕತ್ತದ, ಇನ್ನೂ ಜಾಸ್ತಿ ಸಿಕ್ಕೊಳತದ. ಅವ್ವಗ ತ್ರಾಸ್ ಆಗತದ. ಇನ್ನೊಂದು ಮಾಡಿ ಕಳಸ್ತೇನಿ, ಸ್ವಚ್ಛ ಮಾಡಿ ಕೇಳಸು."

ಅದನ್ನು ಓದಿ ನನಗೆ ನನ್ನ ಮೇಲೆ ಹೇಸಿಗೆ ಬಂತು. ತಾಯಿಯ ಮುಂದೆ ನಾಚುವುದನ್ನು ಈ ಹುಡುಗಿಗೆ ಯಾರೂ ಕಲಿಸಿರಲಿಲ್ಲ, ನಾನು ಕಲಿಸಿದ್ದೆ. ಅವಳು ಕಳಿಸಿದ್ದ ಮೂಲ ರೆಕಾರ್ಡಿಂಗ್ ಮೆಸೇಜಿನಲ್ಲಿ ಇನ್ನೂ ಇತ್ತು. ಅದನ್ನೇ ಹಚ್ಚಿದೆ.

"ಅ..." ಎಂದು ಶುರುವಾಯಿತು. ಮತ್ತೊಂದು "ಅ." ಉಸಿರು ಎಳೆದುಕೊಂಡ ಸದ್ದು. ಚಿಕ್ಕಮ್ಮ ಕಣ್ಣು ತೆರೆದಳು. "ಹಾಂ, ಬಂದ್ಳು" ಅಂದಳು. ಬತ್ತಿದ ಕೈ ಚಾಚಿ ಹಾಸಿಗೆಯ ಮೇಲೆ ಏನೋ ಹುಡುಕಿದಳು. ನನ್ನ ಕೈ ಕೊಟ್ಟೆ, ಹಿಡಿದುಕೊಂಡಳು. ಫೋನಿನಲ್ಲಿ ಮಾತು ಸಿಕ್ಕಿಕೊಂಡಾಗಲೆಲ್ಲ ಇವಳ ತುಟಿಯೂ ಆಡುತ್ತಿತ್ತು. ಒಂದು ಕಡೆ ತುಂಬ ಹೊತ್ತು ತಡೆಯಿತು. ಆಗ ಚಿಕ್ಕಮ್ಮ ಫೋನಿಗೆ ಹೇಳಿದಳು, "ಸಾವಕಾಶ ಮಾತಾಡು ಬೇ. ನಾ ಎಲ್ಲಿಗೂ ಹೋಗಂಗಿಲ್ಲ."

ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು.

ಮಣ್ಣಿಗೆ ತಂಗಿ ಬಂದಳು, ಮಗಳನ್ನು ಅತ್ತೆಯ ಹತ್ತಿರ ಬಿಟ್ಟು. ಅಳುವಾಗಲೂ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ದನಿ ಹೊರಗೆ ಬರದಂತೆ. ಜನ ಕರಗಿದ ಮೇಲೆ ಹಿತ್ತಲಿಗೆ ನನ್ನನ್ನು ಕರೆದೊಯ್ದಳು. ತಿಂಗಳುಗಳ ಮೇಲೆ ಅವಳ ಬಾಯಿಂದ ನೇರ ಕೇಳಿದ ಮಾತು ಅದು. ಕೇಳಿ ಮುಗಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು: "ಅವ್ವಗ ಸ್ವಚ್ಛ ಇದ್ದದ್ದಽ ಕೇಳಿಸಿದಿ, ಹೌದಿಲ್ಲ ಅಕ್ಕಾ?"

ಅವಳ ಮುಖ ನೋಡಿದೆ. ಅಲ್ಲ ಎಂದರೆ ಅಲ್ಲೇ ಕುಸಿಯುತ್ತಾಳೆ ಅನ್ನಿಸಿತು. ಧೈರ್ಯ ಸಾಲಲಿಲ್ಲ. "ಹೌದು, ಅದನ್ನೇ ಕೇಳಿಸಿದೆ" ಅಂದೆ.

"ಏನಂದ್ಳು?"

"ಚಂದ ಮಾತಾಡ್ತಾಳ ಅಂದ್ಳು."

ತಂಗಿ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಅವ್ವ ಒಮ್ಮೆಯಾದರೂ ತನ್ನ ಮಾತು ಸರಾಗವಾಗಿ ಕೇಳಿ ಹೋದಳು ಎಂಬ ಸಮಾಧಾನ ಅವಳ ಮುಖದಲ್ಲಿ ಕಾಣಿಸಿತು.

ನಿಜ ಹೇಳಬೇಕೆಂದು ಆಮೇಲೆ ಎರಡು ಸಲ ಕೊಳಕೂರಿಗೆ ಹೋದೆ. ಎರಡು ಸಲವೂ ಅವಳು ಚಹಾ ಕೊಟ್ಟು ಎದುರಿಗೆ ಸುಮ್ಮನೆ ಕೂತಳು, ನಾನೂ ಕೂತೆ. ಹಿಂದಿರುಗುವಾಗ ಬಸ್ಸು ಜೇವರ್ಗಿ ದಾಟುವಷ್ಟರಲ್ಲಿ ಅವಳ ರೆಕಾರ್ಡಿಂಗ್ ಬರುತ್ತದೆ, ಸ್ವಚ್ಛ ಮಾಡಿ ಕಳಸು ಎಂದು. ನಾನು ಮಾಡಿ ಕಳಿಸುತ್ತೇನೆ.