ರಾಯಭಾರಿ ಬರೆದುಕೊಟ್ಟ ಶಿಫಾರಸು

ಸ್ವೀಡನ್ನಿನ ಆ ನಿವೃತ್ತ ರಾಯಭಾರಿ ಚಳಿಗಾಲ ಕಳೆಯಲು ಪ್ರತಿ ವರ್ಷ ಜೆದ್ದಾಕ್ಕೆ ಬರುತ್ತಿದ್ದರು. ನನ್ನ ಕಫೀಲ್, ಅಂದರೆ ನನಗೆ ವೀಸಾ ಕೊಟ್ಟು ಕರೆಸಿಕೊಂಡ ಯಜಮಾನ, ಅವರ ಹಳೆಯ ಸ್ನೇಹಿತ. ಹಾಗಾಗಿ ಅತಿಥಿಗೃಹ ಅವನದು, ಕಾರು ಅವನದು, ಡ್ರೈವರ್ ನಾನು. ಎಂಬತ್ತೈದು ದಾಟಿದ ಮುದುಕರು ಹಿಂದಿನ ಸೀಟಿನಲ್ಲಿ ಕೂತು ತಮ್ಮ ಆತ್ಮಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಕಳೆದ ಶತಮಾನದ ಅರ್ಧ ಜಗಳಗಳನ್ನು ಬಿಡಿಸಿದ್ದು ಅವರೇ ಎಂದು ನನಗೆ ಗೊತ್ತಾದದ್ದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ. ಎರಡು ದೇಶಗಳ ಮಾತುಕತೆಗೆ ಯಾರು ಯಾವ ಬಾಗಿಲಿನಿಂದ ಒಳಗೆ ಬರಬೇಕೆಂದು ಹನ್ನೊಂದು ದಿನ ಚರ್ಚಿಸಿದ್ದನ್ನು ಹೇಳುವಾಗ ಅವರ ಮುಖ ಅರಳುತ್ತಿತ್ತು. "ನನ್ನ ಇಡೀ ನೌಕರಿಯಲ್ಲಿ ಒಮ್ಮೆಯೂ 'ಇಲ್ಲ' ಎಂದವನಲ್ಲ," ಎನ್ನುತ್ತಿದ್ದರು. 'ಹೌದು' ಎಂದದ್ದನ್ನೂ ನಾನು ಕೇಳಿರಲಿಲ್ಲ.

ಈ ಸಲ ಅವರು ಬರುವ ತಿಂಗಳಲ್ಲೇ ಊರಲ್ಲಿ ನನ್ನ ದೊಡ್ಡ ಮಗಳ ನಿಕಾಹ್ ನಿಗದಿಯಾಯಿತು. ಮೊದಲು ರಜೆಗೆ ತಲೆಯಾಡಿಸಿದ್ದ ಕಫೀಲ್, ಅತಿಥಿ ಬರುವ ದಿನ ಗೊತ್ತಾದೊಡನೆ, "ಅವರು ಹೋದ ಮೇಲೆ ನೋಡೋಣ," ಎಂದ. ಮನೆ ಡ್ರೈವರ್ ವೀಸಾದವನು ಯಜಮಾನನ ಒಪ್ಪಿಗೆ ಇಲ್ಲದೆ ವಿಮಾನ ಹತ್ತುವ ಹಾಗಿಲ್ಲ. ಮುದುಕರು "ನನಗೆ ಡ್ರೈವರ್ ಬೇಡ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರಲ್ಲಿ ನನ್ನ ಕಷ್ಟ ಹೇಳಿಕೊಂಡೆ. ಕಣ್ಣು ಒದ್ದೆ ಮಾಡಿಕೊಂಡರು. "ಇದು ಬಾಯಿಮಾತಿನ ವಿಷಯವಲ್ಲ, ಬರಹದಲ್ಲೇ ಆಗಬೇಕು. ನನಗೆ ಬಿಡಿ," ಎಂದರು.

ನಾಲ್ಕು ದಿನ ಬರೆದರು. ಮೂರು ಸಲ ಹರಿದರು. ಕೊನೆಗೆ ಪತ್ರವನ್ನು ನನಗೆ ಓದಿ ಹೇಳಿದರು. ನನ್ನ ಪ್ರಾಮಾಣಿಕತೆ, ಸಮಯಪಾಲನೆ, ಬ್ರೇಕ್ ಹಾಕುವ ನಯ, ಇದೇ ಎರಡು ಪುಟ. ಆಮೇಲೆ, ಕುಟುಂಬದ ಸಂತೋಷಗಳಿಗೂ ಮನುಷ್ಯನ ಬಾಳಿನಲ್ಲಿ ಯೋಗ್ಯ ಸ್ಥಾನವಿದೆಯೆಂದು ತಾವು ಸದಾ ನಂಬಿರುವುದಾಗಿ ಒಂದು ಸಾಲು.

"ರಜೆ ಎಲ್ಲಿ ಸರ್?" ಎಂದು ಕೇಳಿದೆ.

"ಆ ಕೊನೆಯ ಸಾಲಿನಲ್ಲೇ ಇದೆಯಲ್ಲ," ಎಂದರು.

ಕಫೀಲ್ ಗಮನವಿಟ್ಟೇ ಓದಿದ. ಓದಿ ನನ್ನ ಬೆನ್ನು ತಟ್ಟಿದ. "ಇಷ್ಟು ಹೊಗಳಿದ್ದಾರೆಂದರೆ ನೀನಿಲ್ಲದೆ ಅವರಿಗೆ ಒಂದು ದಿನವೂ ನಡೆಯದು. ಯಲ್ಲಾ, ನಡಿ ನಡಿ, ಇನ್ನು ರಜೆಯ ಮಾತೇ ಬೇಡ!" ಪತ್ರಕ್ಕೆ ಕಟ್ಟು ಹಾಕಿಸಿ ಅತಿಥಿಗಳು ಕೂರುವ ಕೋಣೆಯ ಗೋಡೆಗೆ ತೂಗುಹಾಕಿದ. ದಿನಾ ಅದರ ಕೆಳಗಿನಿಂದಲೇ ಕಾರಿನ ಕೀಲಿ ತೆಗೆದುಕೊಂಡು ಹೋಗುತ್ತಿದ್ದೆ.

"ಎಂತ ಆಯ್ತು? ಬರ್ತೀರಾ ಇಲ್ವಾ, ಒಂದು ಸರಿಯಾಗಿ ಹೇಳಿ ಮಾರಾಯ್ರೆ," ಎಂದು ಹೆಂಡತಿ ಫೋನಿನಲ್ಲಿ ಗದರಿದಳು.

"ಪ್ರಯತ್ನ ನಡೀತಾ ಉಂಟು," ಎಂದೆ. ಮೂರು ವಾರ ಅದನ್ನೇ ಹೇಳಿದೆ. ನನಗೂ ಆ ವಿದ್ಯೆ ಅಂಟಿಕೊಂಡಿತ್ತು.

ನಿಕಾಹ್‌ನಲ್ಲಿ ಮದುಮಗನ ಕೈ ಹಿಡಿದು ಮಗಳನ್ನು ಒಪ್ಪಿಸಬೇಕಾದವನು ತಂದೆ. ಅವನು ಬರದಿದ್ದರೆ ಇನ್ನೊಬ್ಬರಿಗೆ ಆ ಅಧಿಕಾರ ಕೊಟ್ಟು ಕಳಿಸಬೇಕು. ನಾಲ್ಕು ದಿನ ಉಳಿದಿರುವಾಗ ಕಾರು ಬದಿಗೆ ನಿಲ್ಲಿಸಿ, ಸ್ಟೇರಿಂಗ್ ಮೇಲೆ ಕಾಗದ ಇಟ್ಟು ಬರೆದೆ: "ನನಗೆ ಬರಲು ಆಗುವುದಿಲ್ಲ. ನನ್ನ ಮಗಳ ನಿಕಾಹ್ ನನ್ನ ತಮ್ಮ ಮಾಡಿಕೊಡಲಿ." ಬರೆದು ಮುಗಿಸುವಷ್ಟರಲ್ಲಿ ಅಳು ಬಂತು.

ಮುದುಕರು ಹಿಂದಿನಿಂದ ಬಗ್ಗಿ ಅದರ ಅರ್ಥ ಕೇಳಿದರು. ಹೇಳಿದೆ. "ತುಂಬ ನೇರವಾಯಿತು. 'ಆಗುವುದಿಲ್ಲ' ಎಂಬುದನ್ನು ತೆಗೆಯಬಹುದಲ್ಲವೇ?" ಎಂದರು.

"ಇಲ್ಲ," ಎಂದೆ.