ಹುಲ್ಲುಹಾಸಿನ ಪಂಜುಗಳು

ಬೆಳಗಿನಿಂದ ಕಳೆ ಕಿತ್ತು ಕಿತ್ತು ದೊಡ್ಡತಾಯಮ್ಮನ ಸೊಂಟ ಬಿದ್ದುಹೋಗಿತ್ತು. ಸಂಜೆಯ ಕೆಲಸ ಇನ್ನೂ ಬಾಕಿ. ಗಂಡ ತೀರಿಕೊಂಡ ಮೇಲೆ ಅವಳು ಪಕ್ಕದ ಗಂಜಾಮಿನಿಂದ ದಿನಾ ನಡೆದು ಬಂದು ಶ್ರೀರಂಗಪಟ್ಟಣದ ಹೊಳೆದಂಡೆಯ ಆ ಹೋಟೆಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ತೊಂಬತ್ತೈದನೇ ಇಸವಿಯಲ್ಲಿ ಹೋಟೆಲಿನವರು ಹುಲ್ಲುಹಾಸಿನ ಸುತ್ತ, ತುದಿಯಲ್ಲಿ ಸೀಮೆಎಣ್ಣೆ ಡಬ್ಬಿಯಿದ್ದ ಬಿದಿರಿನ ಪಂಜುಗಳನ್ನು ನೆಡಿಸಿದರು. ಮೊದಲ ಸಂಜೆ ಮ್ಯಾನೇಜರನ ಕಣ್ಣಿಗೆ ಬಿದ್ದವಳು ಅವಳೇ ಆದ್ದರಿಂದ ಹಚ್ಚುವ ಕೆಲಸವೂ ಅವಳ ತಲೆಗೇ ಬಂತು.

ಈ ಸಂಜೆ ಅಲ್ಲಿ ಮೈಸೂರಿನ ದಂಪತಿಗಳೊಬ್ಬರ ಮದುವೆಯ ಬೆಳ್ಳಿಹಬ್ಬ. ಊಟದ ಮೇಜುಗಳನ್ನು ಹುಲ್ಲಿನ ಮೇಲೇ ಹಾಕಿದ್ದರು. ದೊಡ್ಡತಾಯಮ್ಮ ಕಡ್ಡಿ ಗೀರಿದಳು. ಬತ್ತಿ ಚಟಚಟ ಸಿಡಿದು, ಹೊಗೆಯಾಡಿ ಆರಿತು. ಪಕ್ಕದ್ದೂ ಹಾಗೇ. ಅದರಾಚೆಯದು ಕಿಡಿಯನ್ನೂ ಹಿಡಿಯಲಿಲ್ಲ.

ಮ್ಯಾನೇಜರ್ ಶಿವಶಂಕರ್ ವರಾಂಡದಿಂದಲೇ ಕೂಗಿದ. "ಏನ್ ತಾಯಮ್ಮ, ಒಂದೂ ಅತ್ತಿಲ್ವಲ್ಲ! ಜನ ಬತ್ತಾವ್ರೆ!"

"ಅತ್ಕತಾನೇ ಇಲ್ಲ ಸೋಮಿ. ನಾನೇನ್ ಮಾಡ್ಲಿ?"

ಜನರೇಟರ್ ನೋಡಿಕೊಳ್ಳುತ್ತಿದ್ದ ಕಲೀಂ ಓಡಿ ಬಂದ. ಒಂದು ಪಂಜಿನ ಡಬ್ಬಿ ಬಿಚ್ಚಿ ಗಾಜಿನ ಲೋಟಕ್ಕೆ ಬಗ್ಗಿಸಿದ. ಸೀಮೆಎಣ್ಣೆ ಮೇಲೆ ತೇಲಿತು, ತಳದಲ್ಲಿ ನೀರು ನಿಂತಿತು. ಹಿಂದಿನ ದಿನದ ಮಳೆ ಡಬ್ಬಿಗಳಿಗೆಲ್ಲ ಇಳಿದಿತ್ತು.

"ಮುಚ್ಚಳ ಆಕಿರ್ಲಿಲ್ವಾ ದೊಡ್ಡವ್ವ?"

"ಎಲ್ಲೈತಪ್ಪ ಮುಚ್ಚಳ? ಕೋತಿಗಳು ಒತ್ಕೊಂಡೋದ್ವಲ್ಲ."

ಎಲ್ಲ ಡಬ್ಬಿಗಳನ್ನೂ ಬಗ್ಗಿಸಿ, ಬಟ್ಟೆಯಲ್ಲಿ ಒರೆಸಿ, ಹೊಸ ಎಣ್ಣೆ ಹೊಯ್ದು ಒಣ ಬತ್ತಿ ತೂರಿಸಿದರು. ಒಂದೊಂದು ಪಂಜಿನ ಬುಡದಲ್ಲೂ ಕೂತು ಏಳುವಾಗ ಅವಳ ಮಂಡಿ ಕಟಕಟ ಎನ್ನುತ್ತಿತ್ತು. ಹಚ್ಚಿದರೆ ಉರಿ ತುದಿಯಲ್ಲಿ ಆಡಿ ಮತ್ತೆ ಆರಿತು. ಕಲೀಂ ಬತ್ತಿ ಎಳೆದು ನೋಡಿದ.

"ಬಿಗಿಯಾಗ್ಬುಟ್ಟೈತೆ. ಎಣ್ಣೆ ಮ್ಯಾಕೆ ಏರ್ತಿಲ್ಲ. ಒಂದೆರಡು ಎಳೆ ಕಿತ್ತಾಕಿ, ಚೆನ್ನಾಗಿ ನೆನೀಲಿ."

ಎಳೆ ಕಿತ್ತರು. ಕರಕಲು ತುದಿ ಕತ್ತರಿಸಿದರು. ಎಣ್ಣೆ ಏರುವ ತನಕ ಕಾದರು. ಆಮೇಲೆ ಒಂದೊಂದಾಗಿ ಹತ್ತಿಕೊಂಡವು. ಹೊಳೆಯ ಗಾಳಿಗೆ ಎದುರಾಗಿದ್ದ ಮೂಲೆಯದೊಂದು ಮಾತ್ರ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಅದನ್ನು ಹಾಗೇ ಬಿಟ್ಟರು.

ಮೈಸೂರಿನವರು ಬಂದು ಕೂತರು. ಬಡಿಸುವುದಕ್ಕೆ ಶುರುಮಾಡಿದ್ದರಷ್ಟೆ, ಎಲ್ಲಿದ್ದವೋ ಮಳೆಹುಳಗಳು ಪಂಜುಗಳಿಗೆ ಮುತ್ತಿಕೊಂಡವು. ರೆಕ್ಕೆ ಉದುರಿಸಿ ಅನ್ನದ ಮೇಲೆ, ಪಾಯಸದೊಳಗೆ ಬಿದ್ದವು. ಹೆಂಗಸರು ಸೆರಗು ಕೊಡವುತ್ತ ಎದ್ದರು. ಮೇಜುಗಳೆಲ್ಲ ಒಳಗೆ ಹೋದವು.

"ತಾಯಮ್ಮ, ಆರ್ಸ್ಬುಡು ಎಲ್ಲಾನೂವೆ!" ಎಂದು ಕೂಗಿ ಶಿವಶಂಕರನೂ ಒಳಗೆ ಹೋದ.

ದೊಡ್ಡತಾಯಮ್ಮ ಪಂಜಿನ ಕಂಬ ಹಿಡಿದುಕೊಂಡು ನಿಂತಳು.

"ನೀವು ವೋಗಿ ದೊಡ್ಡವ್ವ. ನಾನ್ ಆರಿಸ್ತೀನಿ," ಎಂದ ಕಲೀಂ.

ಅವಳು ಸೆರಗಿಗೆ ಕೈಯೊರೆಸಿಕೊಂಡು ಮನೆಯ ದಾರಿ ಹಿಡಿದಳು.

ಮನೆಯಲ್ಲಿ ಮಗಳು ಹೇಮಶ್ರೀ ಮುದ್ದೆ ಇಕ್ಕಿದಳು. ಸೀಗೆಪುಡಿ ಹಾಕಿ ಉಜ್ಜಿದರೂ ಕೈಯ ಸೀಮೆಎಣ್ಣೆ ವಾಸನೆ ಹೋಗಿರಲಿಲ್ಲ. ದೊಡ್ಡತಾಯಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗೋಡೆಗೊರಗಿದಳು. ಹೇಮಶ್ರೀ ಮುದ್ದೆ ಮುರಿದು ಸಾರಿಗದ್ದಿ ತಾಯಿಯ ಬಾಯಿಯ ಹತ್ತಿರ ಹಿಡಿದಳು.

"ಬಾಯ್ ತೆಗಿಯವ್ವ."

ಅವಳು ಕಣ್ಣು ಮುಚ್ಚಿಕೊಂಡೇ ನುಂಗಿದಳು. ಎರಡನೆಯ ತುತ್ತಿಗೆ ತಾನಾಗಿಯೇ ಬಾಯಿ ತೆರೆದಳು.